ಕೇಳದೆ ಕತ್ತರಿಸಿದ ಕೂದಲು: ಮಗುವಿಗೆ ಏನು ಹೇಳಬೇಕು, ಅಜ್ಜಿಯೊಂದಿಗೆ ಹೇಗೆ ಮಾತನಾಡಬೇಕು

ಬೆಳಿಗ್ಗೆ ಬಿಟ್ಟುಹೋದಾಗ ಕಣ್ಣಿನ ಮೇಲೆ ಬೀಳುತ್ತಿದ್ದ ಮುಂಗುರುಳು ಸಂಜೆ ಬಂದು ನೋಡಿದರೆ ಇಲ್ಲ. ಹಣೆಯ ಮೇಲೆ ಓರೆಯಾಗಿ ಕತ್ತರಿಸಿದ ಗೆರೆ, ಕಿವಿಯ ಹಿಂದೆ ಕತ್ತರಿಗೆ ಸಿಗದೆ ಉಳಿದ ಒಂದು ಎಳೆ, ಅಂಗಿಯ ಕಾಲರಿಗೆ ಅಂಟಿಕೊಂಡ ಸಣ್ಣ ಸಣ್ಣ ಚೂರುಗಳು. "ಕಣ್ಣಿಗೆ ಚುಚ್ಚುತ್ತಿತ್ತು, ಅದಕ್ಕೇ ಸ್ವಲ್ಪ ಕತ್ತರಿಸಿದೆ" ಎಂದು ಅಜ್ಜಿ ಹೇಳುತ್ತಾರೆ. ಹೆತ್ತವರಿಗೆ ಗಂಟಲು ಕಟ್ಟುತ್ತದೆ.

ಆಮೇಲೆ ಸುತ್ತಲಿನವರ ಸಲಹೆ ಶುರುವಾಗುತ್ತದೆ. ಅರ್ಧ ಜನ "ಕೂದಲು ತಾನೇ, ಬೆಳೆಯುತ್ತದೆ ಬಿಡಿ" ಎನ್ನುತ್ತಾರೆ. ಉಳಿದವರು "ಇವತ್ತು ಸುಮ್ಮನಿದ್ದರೆ ನಾಳೆ ತಲೆಯ ಮೇಲೆ ಕೂರುತ್ತಾರೆ" ಎಂದು ಕಿಡಿ ಹಚ್ಚುತ್ತಾರೆ. ಈ ಎರಡರಲ್ಲಿ ಯಾವುದನ್ನು ಹಿಡಿದರೂ ಮನೆ ನೆಮ್ಮದಿಗೆ ಬರುವುದಿಲ್ಲ, ಏಕೆಂದರೆ ಇಲ್ಲಿ ಇರುವುದು ಒಂದು ಸಮಸ್ಯೆಯಲ್ಲ, ಎರಡು. ಒಂದು ಕೂದಲಿನದು, ಅದು ತಾನಾಗಿಯೇ ಸರಿಹೋಗುತ್ತದೆ. ಇನ್ನೊಂದು, ಮಗುವಿನ ವಿಷಯದಲ್ಲಿ ತೀರ್ಮಾನ ಯಾರದು ಎಂಬುದು. ಅದು ಯಾರಾದರೂ ಬಾಯಿಬಿಟ್ಟು ಮಾತನಾಡುವವರೆಗೆ ಸರಿಹೋಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಿಕೊಂಡರೆ ಜಗಳ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಮಗು, ಆಮೇಲೆ ಉಳಿದವರು

ಬಾಗಿಲಲ್ಲಿ ನಿಂತು ನೀವು "ಅಯ್ಯೋ, ಏನು ಮಾಡಿಬಿಟ್ಟಿರಿ!" ಎಂದು ಕೂಗಿದರೆ ಆ ಕೂಗು ಮೊದಲು ತಟ್ಟುವುದು ಅಜ್ಜಿಗಲ್ಲ, ಮಗುವಿಗೆ. ಒಂದು ವರ್ಷದ ಆಸುಪಾಸಿನಿಂದಲೇ ಮಕ್ಕಳು ಗೊತ್ತಿಲ್ಲದ ಸಂಗತಿ ಎದುರಾದಾಗ ಹೆತ್ತವರ ಮುಖ ನೋಡಿ, ಇದು ಹೆದರಬೇಕಾದದ್ದೋ ಅಲ್ಲವೋ ಎಂದು ತಿಳಿದುಕೊಳ್ಳುತ್ತಾರೆ. ತನ್ನ ತಲೆ ನೋಡಿ ಅಮ್ಮ ಅತ್ತರೆ, ತನ್ನಲ್ಲೇ ಏನೋ ಕೆಟ್ಟುಹೋಗಿದೆ ಎಂದು ಮಗು ಅಂದುಕೊಳ್ಳುತ್ತದೆ. ಆದ್ದರಿಂದ ಆ ಮೊದಲ ಐದು ನಿಮಿಷವನ್ನು ಹೇಗಾದರೂ ಮಾಡಿ ಹಿಡಿದುಕೊಳ್ಳಿ. ಮಗುವನ್ನು ಎತ್ತಿಕೊಳ್ಳಿ, ಕೂದಲಿನ ಮೇಲೆ ಕೈಯಾಡಿಸಿ, "ಓ, ಕೂದಲು ಸಣ್ಣದಾಗಿದೆ!" ಎಂದಷ್ಟೇ ಹೇಳಿ. ಚೆನ್ನಾಗಿದೆ ಎಂದು ಸುಳ್ಳು ಹೇಳಬೇಕಿಲ್ಲ. ಚೆನ್ನಾಗಿಲ್ಲ ಎಂದೂ ಹೇಳಬೇಡಿ.

ಕೆಲವು ಮಕ್ಕಳು ಏನೂ ಆಗಿಲ್ಲವೆಂಬಂತೆ ಆಟಕ್ಕೆ ಓಡುತ್ತಾರೆ. ಇನ್ನು ಕೆಲವರು ಕನ್ನಡಿ ನೋಡುವುದೇ ಇಲ್ಲ, ಕತ್ತಿನ ಹಿಂಭಾಗವನ್ನು ಪದೇ ಪದೇ ಮುಟ್ಟಿಕೊಳ್ಳುತ್ತಾರೆ, ಬಿದ್ದ ಕೂದಲನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳಲು ನೋಡುತ್ತಾರೆ. ಎರಡು ಮೂರು ವರ್ಷದ ಮಗುವಿಗೆ ಕೂದಲು ತನ್ನ ದೇಹದ ಭಾಗ. ಅದನ್ನು ಕತ್ತರಿಸಿದರೆ ನೋವಾಗುವುದಿಲ್ಲ ಎಂಬುದಾಗಲಿ, ಮತ್ತೆ ಬೆಳೆಯುತ್ತದೆ ಎಂಬುದಾಗಲಿ ಅದಕ್ಕೆ ಗೊತ್ತಿರುವುದಿಲ್ಲ. ಆ ವಯಸ್ಸಿನ ಎಷ್ಟೋ ಮಕ್ಕಳು ಕತ್ತರಿಯ ಶಬ್ದಕ್ಕೇ ಬೆಚ್ಚುತ್ತಾರೆ. ಹಾಗೆ ಹೆದರಿದ ಮಗುವಿಗೆ ಸರಳವಾಗಿ, ಬೇಕಾದಷ್ಟು ಸಲ ಹೇಳಿ: "ಉಗುರು ಕತ್ತರಿಸುತ್ತೇವಲ್ಲ, ಹಾಗೆಯೇ ಇದು. ನೋವಾಗುವುದಿಲ್ಲ. ಮತ್ತೆ ಉದ್ದ ಬರುತ್ತದೆ."

ಮಾತನಾಡುತ್ತಲೇ ತಲೆಯನ್ನು ಒಮ್ಮೆ ಪರೀಕ್ಷಿಸಿ. ಕಿವಿಯ ತುದಿ, ಕಿವಿಯ ಹಿಂಭಾಗ, ಕತ್ತಿನ ಬುಡ, ಇವು ಮನೆಯ ಕತ್ತರಿ ತಗಲುವ ಜಾಗಗಳು. ಅಲುಗಾಡುವ ಮಗುವಿನ ಕಿವಿಗೆ ಕತ್ತರಿ ತಾಗುವುದು ಅಪರೂಪವೇನಲ್ಲ. ಗಾಯವಾಗಿದ್ದರೆ ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ತೆಗೆದು ನೋಡಬೇಡಿ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ಹೆಚ್ಚು, ಸಣ್ಣ ಗಾಯವೂ ಜಾಸ್ತಿ ರಕ್ತ ಸುರಿಸಿ ಗಾಬರಿ ಹುಟ್ಟಿಸುತ್ತದೆ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅಥವಾ ಗಾಯ ಬಾಯಿಬಿಟ್ಟಿದ್ದರೆ ವೈದ್ಯರಿಗೆ ತೋರಿಸಿ, ಧನುರ್ವಾಯು ಲಸಿಕೆ ಆಗಿದೆಯೇ ಎಂದು ಮಗುವಿನ ಲಸಿಕೆ ಕಾರ್ಡು ನೋಡಿಕೊಳ್ಳಿ.

ನಂತರ ಸ್ನಾನ ಮಾಡಿಸಿ ಬಟ್ಟೆ ಬದಲಿಸಿ. ಕತ್ತಿಗೆ ಅಂಟಿದ ಚೂರುಗಳು ಕಡಿಯುತ್ತಲೇ ಇರುತ್ತವೆ, ರಾತ್ರಿ ಮಗು ನಿದ್ದೆ ಮಾಡದಿದ್ದರೆ ಕಾರಣ ಅದೇ ಇರಬಹುದು. ಮನೆಯಲ್ಲಿ ಕೂಸು ಇದ್ದರೆ ಇನ್ನೂ ಒಂದು ಎಚ್ಚರಿಕೆ ಬೇಕು. ಉದ್ದ ಕೂದಲಿನ ಎಳೆ ಕೂಸಿನ ಕಾಲ್ಬೆರಳಿಗೋ ಕೈಬೆರಳಿಗೋ ಸುತ್ತಿಕೊಂಡು ಬಿಗಿದರೆ ರಕ್ತಸಂಚಾರ ನಿಲ್ಲುತ್ತದೆ. ಬೆರಳು ಕೆಂಪಾಗಿ ಊದಿಕೊಳ್ಳುತ್ತದೆ, ಕಾರಣ ತಿಳಿಯದೆ ಕೂಸು ಅಳುತ್ತಲೇ ಇರುತ್ತದೆ. ಎಳೆ ಸುಲಭವಾಗಿ ಬಿಡಿಸಲು ಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೆಲದ ಮೇಲೆ, ಹಾಸಿಗೆಯ ಮೇಲೆ ಚದುರಿದ ಕೂದಲನ್ನು ಆ ಹೊತ್ತಿಗೇ ಗುಡಿಸಿ ತೆಗೆಯಿರಿ.

ಗುಡಿಸುವ ಮುನ್ನ ಒಂದು ಎಳೆ ಎತ್ತಿಟ್ಟುಕೊಳ್ಳಿ

ಇದು ಮಗುವಿನ ಮೊದಲ ಕೂದಲಾಗಿದ್ದರೆ ಕಸದ ಬುಟ್ಟಿಯಲ್ಲಾದರೂ ಹುಡುಕಿ, ನಾಚಿಕೊಳ್ಳಬೇಡಿ. ನಾಳೆ ಹುಡುಕಿದರೆ ಸಿಗುವುದಿಲ್ಲ. ಸಿಕ್ಕ ಗುಂಗುರನ್ನು ಹತ್ತಿಯ ದಾರದಿಂದ ಒಂದು ತುದಿಯಲ್ಲಿ ಕಟ್ಟಿ, ತೇವವಿದ್ದರೆ ನೆರಳಿನಲ್ಲಿ ಪೂರ್ತಿ ಒಣಗಿಸಿ, ಕಾಗದದ ಲಕೋಟೆಯಲ್ಲಿಡಿ. ತೇವ ಉಳಿಯುವ ಪ್ಲಾಸ್ಟಿಕ್ ಚೀಲ ಬೇಡ, ಅಂಟು ಟೇಪು ಬೇಡವೇ ಬೇಡ, ಅದರ ಅಂಟು ವರ್ಷಗಳು ಕಳೆದಂತೆ ಹಳದಿಗಟ್ಟಿ ಕೂದಲನ್ನು ಹಾಳುಮಾಡುತ್ತದೆ. ಲಕೋಟೆಯ ಮೇಲೆ ದಿನಾಂಕ ಮತ್ತು ಮಗುವಿನ ವಯಸ್ಸು ಬರೆದು, ಬಿಸಿಲು ಬೀಳದ ಜಾಗದಲ್ಲಿಡಿ. ಚೆನ್ನಾಗಿ ಒಣಗಿದ ಕೂದಲು ಬಹಳ ಕಾಲ ಕೆಡುವುದಿಲ್ಲ. ಯಾರು ಕತ್ತರಿಸಿದರು ಎಂಬುದನ್ನು ಲಕೋಟೆಯ ಮೇಲೆ ಬರೆಯಬೇಡಿ. ಸಿಟ್ಟು ಇಳಿದಮೇಲೂ ಆ ಸಾಲು ಅಲ್ಲೇ ಇರುತ್ತದೆ.

ಒಂದು ರಾತ್ರಿ ಕಳೆಯಲಿ

ಅದೇ ಸಂಜೆ ಎಲ್ಲವನ್ನೂ ಇತ್ಯರ್ಥ ಮಾಡಿಬಿಡಬೇಕು ಎಂದು ಅನಿಸುತ್ತದೆ. ಬೇಡ. ಆದರೆ ಸುಮ್ಮನಿದ್ದು ಒಪ್ಪಿಕೊಂಡಂತೆಯೂ ಆಗಬಾರದು. "ನನಗೆ ಇದು ತುಂಬಾ ಬೇಸರವಾಗಿದೆ. ಈಗ ಮಾತನಾಡುವುದು ಬೇಡ, ನಾಳೆ ಕೂತು ಮಾತನಾಡೋಣ" ಎಂದು ಹೇಳಿ ಒಳಗೆ ಹೋಗಿ. ಎರಡು ಮೂರು ದಿನಕ್ಕಿಂತ ಹೆಚ್ಚು ಮುಂದೂಡಲೂ ಬಾರದು. ಹದಿನೈದು ದಿನ ಬಿಟ್ಟು ಎತ್ತಿದರೆ "ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದೆಯಾ?" ಎಂಬ ಹೊಸ ಜಗಳ ಹುಟ್ಟುತ್ತದೆ.

ಆ ಒಂದು ರಾತ್ರಿಯಲ್ಲಿ ಮೂರು ವಿಷಯ ಖಚಿತ ಮಾಡಿಕೊಳ್ಳಿ.

ನಿಮ್ಮ ಸಂಗಾತಿಯನ್ನು ಮೊದಲು ಕೇಳಿ. ಇದನ್ನು ಬಹಳ ಜನ ಮರೆಯುತ್ತಾರೆ. ಮಧ್ಯಾಹ್ನ ಅಜ್ಜಿ ಫೋನ್ ಮಾಡಿ "ಕೂದಲು ಸ್ವಲ್ಪ ಕತ್ತರಿಸಲಾ?" ಎಂದು ಕೇಳಿರಬಹುದು, ಕಚೇರಿಯ ಗಡಿಬಿಡಿಯಲ್ಲಿ ಇವರು "ಹೂಂ" ಎಂದಿರಬಹುದು. ಆಗ ಅನುಮತಿ ಕೊಟ್ಟವರು ನಿಮ್ಮ ಪಕ್ಕದಲ್ಲೇ ಇದ್ದಾರೆ, ನಡೆಯಬೇಕಾದ ಮಾತು ನಿಮ್ಮಿಬ್ಬರ ನಡುವಿನದು. ಅಜ್ಜಿಯ ಮೇಲೆ ಹರಿಹಾಯ್ದಮೇಲೆ ಇದು ಗೊತ್ತಾದರೆ ತಲೆ ತಗ್ಗಿಸಬೇಕಾದವರು ನೀವಾಗುತ್ತೀರಿ.

ಎರಡನೆಯದು, ಬೇಡ ಎಂದು ನೀವು ಎಂದಾದರೂ ಸ್ಪಷ್ಟವಾಗಿ ಹೇಳಿದ್ದಿರಾ? "ಉದ್ದ ಬಿಡೋಣ ಅಂದುಕೊಂಡಿದ್ದೇವೆ" ಎಂದು ಮಾತಿನ ನಡುವೆ ಒಮ್ಮೆ ಹೇಳಿದ್ದು ಬೇರೆ, "ನಮ್ಮನ್ನು ಕೇಳದೆ ಕತ್ತರಿಸಬೇಡಿ" ಎಂದದ್ದು ಬೇರೆ. ಗೊತ್ತಿಲ್ಲದೆ ಮಾಡಿದವರಿಗೆ ತಿಳಿಸಿ ಹೇಳಿದರೆ ಸಾಕು. ಬೇಡವೆಂದದ್ದು ಗೊತ್ತಿದ್ದೂ, ನೀವು ಮನೆಯಲ್ಲಿಲ್ಲದ ಹೊತ್ತು ನೋಡಿ ಕತ್ತರಿಸಿದ್ದರೆ ಅದು ಗಂಭೀರ ವಿಷಯ. ನಂಬಿಕೆಯ ಕಾರಣಕ್ಕೋ ಆರೋಗ್ಯದ ಕಾರಣಕ್ಕೋ ನೀವು ಕೂದಲು ಬಿಟ್ಟಿದ್ದರೆ ಇನ್ನೂ ಗಂಭೀರ. ಇವೆರಡಕ್ಕೂ ಒಂದೇ ದನಿಯಲ್ಲಿ ಮಾತನಾಡಿದರೆ ಮೊದಲನೆಯವರಿಗೆ ಅನ್ಯಾಯ, ಎರಡನೆಯವರಿಗೆ ಸಲಿಗೆ.

ಮೂರನೆಯದು, ನಿಮಗೆ ನಿಜಕ್ಕೂ ನೋವಾದದ್ದು ಯಾವುದಕ್ಕೆ? ಮೊದಲ ಸಲ ಕೂದಲು ಕತ್ತರಿಸುವಾಗ ನೀವು ಇರಬೇಕಿತ್ತು ಎಂಬುದಕ್ಕೋ, ಮಗು ಅತ್ತದ್ದಕ್ಕೋ, ಅಥವಾ ಊಟ ನಿದ್ದೆ ಔಷಧಿಯಿಂದ ಹಿಡಿದು ಎಲ್ಲದರಲ್ಲೂ ನಿಮ್ಮ ಮಾತನ್ನು ತಳ್ಳಿಹಾಕುತ್ತ ಬಂದು ಈಗ ಇದು ಕೊನೆಯ ಹನಿಯಾಯಿತೋ? ಕೊನೆಯದಾಗಿದ್ದರೆ ಮಾತನಾಡಬೇಕಾದದ್ದು ಕೂದಲಿನ ಬಗ್ಗೆ ಅಲ್ಲ, ಉಳಿದದ್ದರ ಬಗ್ಗೆ. ಕೂದಲಿನ ನೆಪದಲ್ಲಿ ಹಳೆಯದನ್ನೆಲ್ಲ ಎಳೆದು ತಂದರೆ ಅಜ್ಜಿಯ ಕಿವಿಗೆ ಬೀಳುವುದು "ನಾಲ್ಕು ಕೂದಲಿಗೆ ಇಷ್ಟೊಂದು ರಂಪ" ಎಂಬುದು ಮಾತ್ರ.

ಅವರು ಏಕೆ ಕತ್ತರಿಸಿದರು

ಕೆಟ್ಟ ಉದ್ದೇಶದಿಂದ ಮೊಮ್ಮಗುವಿನ ಕೂದಲಿಗೆ ಕತ್ತರಿ ಹಾಕುವವರು ಬಹಳ ಕಡಿಮೆ. ಕಾರಣ ಹೆಚ್ಚಾಗಿ ಸಣ್ಣದೇ: ಕಣ್ಣಿಗೆ ಬೀಳುತ್ತಿತ್ತು, ಬೆವರುತ್ತಿತ್ತು, ಚೂಯಿಂಗ್ ಗಮ್ ಅಂಟಿತ್ತು, ಹೇನಾಗಿತ್ತು, ಗಂಡು ಮಗುವಿಗೆ ಇಷ್ಟುದ್ದ ಕೂದಲು ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲ ಎಂಬ ಮುಜುಗರ, ಕತ್ತರಿಸಿದರೆ ದಟ್ಟವಾಗಿ ಬರುತ್ತದೆ ಎಂಬ ಭರವಸೆ. ಇವೆಲ್ಲದರ ಹಿಂದೆ ಇನ್ನೊಂದು ಇರುತ್ತದೆ. ತಮ್ಮ ಮಕ್ಕಳ ಕೂದಲನ್ನು ಅವರು ಯಾರನ್ನೂ ಕೇಳದೆ ಕತ್ತರಿಸಿದವರು. ಆ ಕೈಗೆ ಕೇಳಿ ಅಭ್ಯಾಸವಿಲ್ಲ. ಇದನ್ನು ತಿಳಿದುಕೊಂಡು ಮಾತಿಗೆ ಕೂತರೆ ನಿಮ್ಮ ದನಿ ತಾನಾಗಿಯೇ ಒಂದು ಮೆಟ್ಟಿಲು ಇಳಿಯುತ್ತದೆ.

ದಟ್ಟವಾಗುವ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಮತ್ತೆ ಮತ್ತೆ ಕತ್ತರಿ ಎತ್ತಿಸುವುದು ಈ ನಂಬಿಕೆಯೇ. ಕೂದಲು ಹುಟ್ಟುವುದು ಚರ್ಮದ ಒಳಗಿರುವ ಬುಡದಲ್ಲಿ. ಹೊರಗೆ ಕಾಣುವ ಎಳೆಯಲ್ಲಿ ಜೀವವಿರುವ ಕೋಶವಿಲ್ಲ, ನರವಿಲ್ಲ. ಹೊರಗಿನ ತುದಿಯನ್ನು ಕತ್ತರಿಸಿದ್ದು ಒಳಗಿನ ಬುಡಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿನ ಬುಡಗಳಿದ್ದು, ಅವೆಲ್ಲ ಮಗು ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಕತ್ತರಿಸಿದರೆ ಅವು ಹೆಚ್ಚುವುದಿಲ್ಲ. ಕ್ಷೌರದಿಂದ ಕೂದಲು ದಪ್ಪವಾಗುತ್ತದೆಯೇ, ಬೇಗ ಬೆಳೆಯುತ್ತದೆಯೇ ಎಂದು ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ, ಎರಡೂ ಇಲ್ಲ ಎಂದು ಪ್ರಕಟಿಸಿದ್ದರು. ಹಾಗಾದರೆ ದಟ್ಟವಾದಂತೆ ಕಾಣುವುದೇಕೆ? ಎಂದೂ ಕತ್ತರಿಸದ ಕೂದಲಿನ ತುದಿ ಮೊನಚಾಗಿ ಸಣ್ಣಗಾಗಿರುತ್ತದೆ. ಅದನ್ನು ತೆಗೆದಾಗ ಉಳಿಯುವುದು ಮೊಂಡು ತುದಿ, ಕೈಗೆ ಒರಟು, ಕಣ್ಣಿಗೆ ದಪ್ಪ. ಅದರ ಜೊತೆಗೆ ವಯಸ್ಸು ಬೆಳೆದಂತೆ ಕೂಸಿನ ನವಿರಾದ ಕೂದಲು ಉದುರಿ ಗಟ್ಟಿ ಕೂದಲು ಬರುತ್ತದೆ. ಅದು ಕತ್ತರಿಸಿದರೂ ಬರುತ್ತದೆ, ಬಿಟ್ಟರೂ ಬರುತ್ತದೆ.

ಇದೇ ಮಾತು ನಿಮ್ಮ ಕಡೆಗೂ ತಿರುಗುತ್ತದೆ. "ಕತ್ತರಿಸಿದ್ದರಿಂದ ಗುಂಗುರು ಹೊರಟುಹೋಯಿತು, ಇನ್ನು ಬರುವುದಿಲ್ಲ" ಎಂದು ಅಜ್ಜಿಯನ್ನು ದೂರುವ ಹೆತ್ತವರಿದ್ದಾರೆ. ಕೂದಲು ಗುಂಗುರೋ ನೇರವೋ ಎಂಬುದನ್ನು ತೀರ್ಮಾನಿಸುವುದೂ ಚರ್ಮದೊಳಗಿನ ಬುಡವೇ. ಕೂಸಿದ್ದಾಗಿನ ಸುರುಳಿ ಕೂದಲು ಬೆಳೆಯುತ್ತ ನೇರವಾಗುವ ಮಕ್ಕಳು ಬೇಕಾದಷ್ಟಿದ್ದಾರೆ, ಬಣ್ಣವೂ ಬದಲಾಗುತ್ತದೆ. ಕತ್ತರಿ ಬಿದ್ದ ದಿನಕ್ಕೂ ಆ ಬದಲಾವಣೆಗೂ ಕಾಲ ಕೂಡಿಬಂದಿರುತ್ತದೆ ಅಷ್ಟೇ. ಮಾಡದ ತಪ್ಪನ್ನು ಅಜ್ಜಿಯ ತಲೆಗೆ ಕಟ್ಟಬೇಡಿ.

ಹೇನಿಗೂ ಗಮ್‌ಗೂ ಕತ್ತರಿ ಬೇಕಿಲ್ಲ. ಹೇನು ತತ್ತಿ ಇಡುವುದು ನೆತ್ತಿಗೆ ತೀರಾ ಹತ್ತಿರ, ತುದಿ ಕತ್ತರಿಸಿದರೆ ಅವು ಹೋಗುವುದಿಲ್ಲ. ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚುವುದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಎರಡು ವಾರ ಮಾಡಬೇಕು. ಗಮ್ ಅಂಟಿದ್ದರೆ ಅಡುಗೆ ಎಣ್ಣೆ ಹಚ್ಚಿ ಬೆರಳಿನಲ್ಲಿ ಮೆಲ್ಲಗೆ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಕಣ್ಣಿಗೆ ಬೀಳುವ ಕೂದಲಿಗೆ ಒಂದು ಕ್ಲಿಪ್ಪು ಸಾಕು, ಆದರೆ ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಸಣ್ಣ ಕ್ಲಿಪ್ಪು ಅಪಾಯ, ಅವರಿಗೆ ಮೆತ್ತನೆಯ ಬಟ್ಟೆಯ ಬ್ಯಾಂಡ್ ಒಳ್ಳೆಯದು. ಈ ಉಪಾಯಗಳು ಅಜ್ಜಿಗೆ ಗೊತ್ತಿದ್ದರೆ ಮುಂದಿನ ಸಲ ಕತ್ತರಿ ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಮಾತನಾಡಬೇಕಾದವರು ಯಾರು

ಕತ್ತರಿಸಿದವರ ಸ್ವಂತ ಮಗ ಅಥವಾ ಮಗಳು. ಅತ್ತೆ ಕತ್ತರಿಸಿದ್ದರೆ ಮಾತು ಶುರುವಾಗಬೇಕಾದದ್ದು ಮಗನಿಂದ, ಸೊಸೆಯಿಂದಲ್ಲ. ಮಾವ ಮಾಡಿದ್ದರೂ ಹಾಗೆಯೇ, ಹೆಂಡತಿಯ ತಾಯಿ ಮಾಡಿದ್ದರೆ ಮಗಳೇ ಮಾತನಾಡಲಿ, ಅಳಿಯನಲ್ಲ. ತಾಯಿ ಮಕ್ಕಳ ಜಗಳ ಒಂದು ಊಟದ ಹೊತ್ತಿಗೆ ಮುಗಿಯಬಹುದು, ಅತ್ತೆ ಸೊಸೆಯ ನಡುವೆ ಹಾರಿದ ಒಂದು ಮಾತು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತದೆ.

ಕಷ್ಟ ಬರುವುದು ಆ ಮಗ "ಅಮ್ಮ ಪ್ರೀತಿಯಿಂದ ಮಾಡಿದ್ದು, ದೊಡ್ಡದು ಮಾಡಬೇಡ" ಎಂದಾಗ. ಆಗ ವಾದಕ್ಕಿಳಿಯದೆ ಒಂದೇ ಕೇಳಿ: "ಅಮ್ಮ ಕೆಟ್ಟವರು ಎಂದು ಹೇಳು ಎನ್ನುತ್ತಿಲ್ಲ. ಮುಂದಿನ ಸಲ ಕೇಳಿ ಮಾಡಿ ಎಂದು ಹೇಳು ಎನ್ನುತ್ತಿದ್ದೇನೆ. ಅಷ್ಟು ಹೇಳಲು ಆಗುತ್ತದೆಯಾ?" ಇದಕ್ಕೂ ಆಗದು ಎಂದವರೊಂದಿಗೆ ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಬೇರೆಯೇ ಇದೆ. ಗಂಡ ಹೆಂಡತಿ ಒಂದು ಮಾತಿಗೆ ಬಾರದೆ ಹಿರಿಯರ ಮುಂದೆ ಹೋಗಬಾರದು. ಎರಡು ದನಿ ಕೇಳಿದರೆ ಅವರು ತಮಗೆ ಒಪ್ಪಿಗೆಯಾದ ದನಿಯನ್ನೇ ಆರಿಸಿಕೊಳ್ಳುತ್ತಾರೆ.

ಮಾತು ಹೀಗಿರಲಿ

ಮಗು ಮಲಗಿದ ಹೊತ್ತು, ಬಂಧುಗಳು ಯಾರೂ ಇಲ್ಲದ ಹೊತ್ತು. ಮನೆಯವರೆಲ್ಲ ಇರುವ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ, ಫೋಟೊ ಹಾಕಿ ನಗಿಸುವುದೂ ಬೇಡ. ಹೇಳಬೇಕಾದದ್ದು ಮೂರು ನಾಲ್ಕು ವಾಕ್ಯ: ಏನಾಯಿತು, ನಮಗೆ ಏನನಿಸಿತು, ಮುಂದೆ ಏನು ಬೇಕು.

"ಅಮ್ಮ, ನಿನ್ನೆ ನೀನು ಪಾಪುವಿನ ಕೂದಲು ಕತ್ತರಿಸಿದೆಯಲ್ಲ, ಅದು ನಮ್ಮಿಬ್ಬರಿಗೂ ಬೇಸರವಾಯಿತು. ಮೊದಲ ಸಲ ಕತ್ತರಿಸುವಾಗ ನಾವೂ ಇರಬೇಕು ಎಂದು ಆಸೆಪಟ್ಟಿದ್ದೆವು. ಇನ್ನು ಮುಂದೆ ನಮ್ಮನ್ನು ಕೇಳದೆ ಕತ್ತರಿಸಬೇಡ."

ಇಷ್ಟು ಹೇಳಿ ನಿಲ್ಲಿಸಬೇಕು. ನಿಲ್ಲಿಸುವುದೇ ಕಷ್ಟ. ಎದುರಿನ ಮೌನ ಸಹಿಸಲಾಗದೆ ನಾವು "ನೀನು ಬೇಕೆಂದೇ ಮಾಡಿಲ್ಲ ಬಿಡು, ಪರವಾಗಿಲ್ಲ" ಎಂದು ಸೇರಿಸಿಬಿಡುತ್ತೇವೆ, ಹೇಳಿದ್ದೆಲ್ಲ ಅಲ್ಲಿಗೆ ಕರಗಿಹೋಗುತ್ತದೆ. ಮೌನವನ್ನು ಅವರಿಗೇ ಬಿಡಿ.

ಮರುಮಾತು ಬಂದೇ ಬರುತ್ತದೆ. "ನಿಮ್ಮನ್ನೆಲ್ಲ ನಾನು ಬೆಳೆಸಲಿಲ್ಲವಾ?" ಎಂದರೆ, "ಬೆಳೆಸಿದೆ ಅಮ್ಮ, ಚೆನ್ನಾಗಿಯೇ ಬೆಳೆಸಿದೆ. ಆಗ ನಮ್ಮ ವಿಷಯದಲ್ಲಿ ತೀರ್ಮಾನ ನಿನ್ನದಾಗಿತ್ತು. ಇವನ ವಿಷಯದಲ್ಲಿ ನಮ್ಮದು" ಎನ್ನಬಹುದು. ಇದರಲ್ಲಿ ಅವರ ಶ್ರಮವನ್ನು ತಳ್ಳಿಹಾಕಿದ್ದೂ ಇಲ್ಲ, ನಿಮ್ಮ ಜಾಗ ಬಿಟ್ಟುಕೊಟ್ಟದ್ದೂ ಇಲ್ಲ. "ಕೂದಲು ತಾನೇ, ಬೆಳೆಯುತ್ತದೆ" ಎಂದರೆ ಒಪ್ಪಿಕೊಳ್ಳಿ, ಅದು ನಿಜವೇ: "ಹೌದು, ಬೆಳೆಯುತ್ತದೆ. ನಾನು ಹೇಳುತ್ತಿರುವುದು ಕೇಳುವುದರ ಬಗ್ಗೆ." ಅತ್ಯಂತ ಕಷ್ಟದ್ದು, "ಸರಿ ಬಿಡು, ಇನ್ನು ನಿಮ್ಮ ಮಗುವನ್ನು ಮುಟ್ಟುವುದೇ ಇಲ್ಲ" ಎಂಬ ಕಣ್ಣೀರಿನ ಮಾತು. ಇದಕ್ಕೆ ಸಿಟ್ಟಿನಿಂದ ಉತ್ತರಿಸಿದರೆ ಮಾತಿನ ದಾರಿ ತಪ್ಪುತ್ತದೆ, ಹೆದರಿ ಹಿಂದೆ ಸರಿದರೂ ತಪ್ಪುತ್ತದೆ. "ಮುಟ್ಟಬೇಡ ಎಂದು ಯಾರು ಹೇಳಿದರು? ಅವನಿಗೆ ನೀನು ಬೇಕು. ಕತ್ತರಿ ಎತ್ತುವ ಮುಂಚೆ ಒಂದು ಫೋನ್ ಮಾಡು, ಅಷ್ಟೇ ನಾನು ಕೇಳುತ್ತಿರುವುದು." ಅಳು ನಿಲ್ಲುವವರೆಗೆ ಪಕ್ಕದಲ್ಲಿ ಕೂತಿರಿ. ಕೋರಿಕೆಯನ್ನು ಮಾತ್ರ ವಾಪಸ್ ತೆಗೆದುಕೊಳ್ಳಬೇಡಿ.

ಸೊಸೆಯೇ ಮಾತನಾಡಬೇಕಾದ ಪರಿಸ್ಥಿತಿ ಬಂದರೆ ಇನ್ನೂ ಚಿಕ್ಕದಾಗಿ ಮುಗಿಸಿ. "ಅತ್ತೆ, ನೀವು ಇವಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀರಿ ಎಂಬುದು ನನಗೆ ಗೊತ್ತು. ಕೂದಲು ಕತ್ತರಿಸುವ ಮೊದಲು ಮಾತ್ರ ನಮ್ಮನ್ನು ಒಂದು ಮಾತು ಕೇಳಿ." ಅವರ ಕ್ಷಮೆ ಮಾತಿನಲ್ಲೇ ಬರಬೇಕೆಂದು ಕಾಯಬೇಡಿ. ಹಿರಿಯರು ಕೆಲವರು ಬಾಯಲ್ಲಿ ಹೇಳುವುದಿಲ್ಲ, ಮುಂದಿನ ಸಲ ಕೇಳುತ್ತಾರೆ. ನಿಮಗೆ ಬೇಕಾದದ್ದು ಅದೇ.

"ಅಮ್ಮನಿಗೆ ಹೇಳಬೇಡ" ಎಂದಿದ್ದರೆ

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಕತ್ತರಿಸಿದ ಮೇಲೆ ಬೈಗುಳದ ಭಯಕ್ಕೆ ಕೆಲವರು ಮಗುವಿಗೆ "ಅಮ್ಮನಿಗೆ ಹೇಳಬೇಡ, ಇದು ನಮ್ಮಿಬ್ಬರ ಗುಟ್ಟು" ಎಂದುಬಿಡುತ್ತಾರೆ. ತಲೆಯ ಮೇಲೇ ಕಾಣುವುದನ್ನು ಮುಚ್ಚಿಡಲು ಆಗುವುದಿಲ್ಲ, ಆದರೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಕೂದಲು ಕತ್ತರಿಸಿದ್ದಕ್ಕಿಂತ ಇದು ದೊಡ್ಡ ವಿಷಯ. ತನ್ನ ದೇಹಕ್ಕೆ ಯಾರಾದರೂ ಏನಾದರೂ ಮಾಡಿದರೆ ಅಪ್ಪ ಅಮ್ಮನಿಂದ ಮುಚ್ಚಿಡಬಹುದು ಎಂಬ ಪಾಠ ಮಗುವಿಗೆ ಪ್ರೀತಿಪಾತ್ರರಿಂದಲೇ ಸಿಗಬಾರದು. ಅಜ್ಜಿಯ ಮನಸ್ಸಿನಲ್ಲಿ ಅಂಥದ್ದೇನೂ ಇರುವುದಿಲ್ಲ, ನಿಜ. ಆದರೆ ನಾಳೆ ಕೆಟ್ಟ ಉದ್ದೇಶದ ಯಾರೋ ಅದೇ ಮಾತು ಹೇಳಿದರೆ ಮಗುವಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಅಜ್ಜಿಗೆ ಇದನ್ನು ಬಿಡಿಸಿ ಹೇಳಿ, ಬಹಳ ಜನ ಹಾಗೆ ಯೋಚಿಸಿರುವುದೇ ಇಲ್ಲ, ಕೇಳಿದ ಕೂಡಲೇ ಅರ್ಥಮಾಡಿಕೊಳ್ಳುತ್ತಾರೆ. ಮಗುವಿಗೆ ನೀವು ಹೇಳಬೇಕಾದದ್ದು: "ನಿನ್ನ ಮೈಗೆ ಸಂಬಂಧಪಟ್ಟದ್ದು ಏನೇ ಇದ್ದರೂ ನನಗೆ ಹೇಳಬಹುದು. ನಾನು ನಿನಗೆ ಬೈಯುವುದಿಲ್ಲ." ಅಜ್ಜಿಯೇ ಮಗುವಿನ ಮುಂದೆ "ಅಮ್ಮನಿಗೆ ಹೇಳಬೇಡ ಎಂದದ್ದು ತಪ್ಪಾಯಿತು ಪುಟ್ಟಾ, ಎಲ್ಲವನ್ನೂ ಅಮ್ಮನಿಗೆ ಹೇಳು" ಎಂದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕೂದಲನ್ನು ಸರಿಮಾಡುವುದು

ಅದೇ ರಾತ್ರಿ ಸರಿಮಾಡಲು ಹೋಗಬೇಡಿ. ಕೈ ನಡುಗುತ್ತಿರುತ್ತದೆ, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಎನ್ನುತ್ತ ಕೊನೆಗೆ ಉಳಿಯುವುದು ಬೆರಳಗಲ. ಹೆದರಿದ ಮಗುವನ್ನು ಅದೇ ದಿನ ಎರಡನೆಯ ಸಲ ಕತ್ತರಿಯ ಮುಂದೆ ಕೂರಿಸುವುದೂ ತಪ್ಪು.

ತಲೆಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ, ಮಗುವಿನಿಂದ ಮಗುವಿಗೆ ತುಸು ಹೆಚ್ಚು ಕಡಿಮೆ. ಹಣೆಯ ಮೇಲೆ ಎರಡು ಮೂರು ಸೆಂಟಿಮೀಟರು ಜಾಸ್ತಿ ಹೋಗಿದ್ದರೆ ಎರಡು ಮೂರು ತಿಂಗಳಲ್ಲಿ ಮೊದಲಿನಂತಾಗುತ್ತದೆ. ಬೆನ್ನಿನವರೆಗಿದ್ದ ಕೂದಲನ್ನು ಕತ್ತಿಗೆ ತಂದಿದ್ದರೆ ವರ್ಷಗಳು ಬೇಕು. ಈ ಲೆಕ್ಕ ನಿಮ್ಮ ಮನಸ್ಸಿಗೂ ಒಳ್ಳೆಯದು, ಎಷ್ಟು ಕಾಯಬೇಕು ಎಂಬುದು ಗೊತ್ತಾದರೆ ಸಿಟ್ಟಿಗೂ ಒಂದು ಅಳತೆ ಸಿಗುತ್ತದೆ.

ಒಂದೆರಡು ವಾರ ಬಿಟ್ಟು, ಅಗತ್ಯವಿದ್ದರೆ ಮಕ್ಕಳ ಕೂದಲು ಕತ್ತರಿಸಿ ಅಭ್ಯಾಸವಿರುವವರ ಹತ್ತಿರ ಹೋಗಿ. ಉದ್ದ ಕಡಿಮೆ ಮಾಡುವುದು ಬೇಡ, ಅಂಚಿನ ಮೆಟ್ಟಿಲುಗಳು ಕಾಣದಂತೆ ಬೆರೆಸಿಕೊಟ್ಟರೆ ಸಾಕು ಎಂದು ಮೊದಲೇ ಹೇಳಿ. ಮನೆಯಲ್ಲೇ ಮಾಡುವುದಾದರೆ ಒಣ ಕೂದಲನ್ನೇ ಕತ್ತರಿಸಿ. ಒದ್ದೆ ಕೂದಲು ಹಿಗ್ಗಿ ಉದ್ದ ಕಾಣುತ್ತದೆ, ಒಣಗಿದಾಗ ಮೇಲಕ್ಕೆ ಸರಿಯುತ್ತದೆ. ಗುಂಗುರು ಕೂದಲಾದರೆ ಇನ್ನೂ ಮೇಲೆ ಜಿಗಿಯುತ್ತದೆ. ಹಣೆಯ ಕೂದಲು ಗಿಡ್ಡವಾಗಿಬಿಡುವುದಕ್ಕೆ ಹೆಚ್ಚಾಗಿ ಕಾರಣ ಇದೇ. ಮೊಂಡು ತುದಿಯ ಸಣ್ಣ ಕತ್ತರಿ ತೆಗೆದುಕೊಂಡು, ನಿಮ್ಮ ಎಡಗೈ ಬೆರಳುಗಳು ಚರ್ಮಕ್ಕೂ ಕತ್ತರಿಗೂ ನಡುವೆ ಇರುವಂತೆ ಹಿಡಿದು, ಅಡ್ಡಕ್ಕೆ ಒಂದೇ ಏಟಿಗೆ ಕತ್ತರಿಸದೆ ತುದಿಯಿಂದ ಮೇಲ್ಮುಖವಾಗಿ ಚೂರು ಚೂರೇ ತೆಗೆಯಿರಿ. ಗೆರೆ ಮೃದುವಾಗುತ್ತದೆ. ಇನ್ನೊಬ್ಬರು ಮಗುವಿಗೆ ಪುಸ್ತಕ ತೋರಿಸುತ್ತಿರಲಿ.

ಮುಂದಿನ ಪಟ್ಟಿ

ಕೂದಲಿನ ಮಾತು ಮುಗಿದ ಕೆಲವು ದಿನಗಳ ಮೇಲೆ, ಯಾವುದಕ್ಕೆ ಕೇಳಬೇಕು, ಯಾವುದಕ್ಕೆ ಕೇಳಬೇಕಿಲ್ಲ ಎಂಬುದನ್ನು ಹಿರಿಯರ ಜೊತೆ ಸ್ಪಷ್ಟ ಮಾಡಿಕೊಳ್ಳಿ. ಕೂದಲು ಕತ್ತರಿಸುವುದು, ಕಿವಿ ಚುಚ್ಚಿಸುವುದು, ಔಷಧಿ ಕೊಡುವುದು, ಮಗುವಿನ ಫೋಟೊ ಎಲ್ಲರಿಗೂ ಕಳಿಸುವುದು, ಇವಕ್ಕೆ ಕೇಳಬೇಕು. ಯಾವ ಬಟ್ಟೆ ಹಾಕಬೇಕು, ಯಾವ ಕಥೆ ಹೇಳಬೇಕು, ಎಷ್ಟು ಹೊತ್ತು ಆಡಿಸಬೇಕು, ಕೂದಲನ್ನು ಹೇಗೆ ಬಾಚಿ ಜುಟ್ಟು ಕಟ್ಟಬೇಕು, ಇವು ಪೂರ್ತಿ ಅವರದೇ. ಎರಡನೆಯ ಪಟ್ಟಿ ಮೊದಲನೆಯದಕ್ಕಿಂತ ಉದ್ದವಿರಲಿ. ಬೇಡಗಳನ್ನು ಮಾತ್ರ ಕೇಳಿಸಿಕೊಂಡ ಅಜ್ಜಿ ಮಗುವಿನ ಹತ್ತಿರ ಹೆದರಿ ಹೆದರಿ ಬರುತ್ತಾರೆ, ಅದರ ನಷ್ಟ ಮಗುವಿಗೇ.

ಹಗಲು ಪೂರ್ತಿ ಮಗುವನ್ನು ನೋಡಿಕೊಳ್ಳುವವರು ಅವರೇ ಆಗಿದ್ದಾಗ ನಿಮ್ಮ ಬಾಯಿ ಕಟ್ಟಿದಂತಾಗುತ್ತದೆ. ಉಪಕಾರ ಪಡೆಯುತ್ತಿದ್ದೇವೆ, ಹೇಗೆ ಹೇಳುವುದು ಎಂಬ ಸಂಕೋಚ. ಉಪಕಾರಕ್ಕೆ ಕೃತಜ್ಞತೆ ಸಲ್ಲುತ್ತದೆ, ಅದನ್ನು ಧಾರಾಳವಾಗಿ ಸಲ್ಲಿಸಿ. ಮಗುವಿನ ಮೇಲಿನ ತೀರ್ಮಾನ ಅದಕ್ಕೆ ಕೊಡುವ ಬೆಲೆಯಲ್ಲ. ಇನ್ನೊಂದು ಕಡೆ, ದಿನವಿಡೀ ಕಣ್ಣಿಗೆ ಬೀಳುವ ಕೂದಲನ್ನು ಸರಿಸುತ್ತ ಊಟ ಮಾಡಿಸುವವರು ಅವರು. "ಉದ್ದ ಬಿಡುವುದಾದರೆ ಬೆಳಿಗ್ಗೆ ಕಟ್ಟಿ ಕಳಿಸು" ಎಂದು ಅವರು ಕೇಳಿದರೆ ಅದು ನ್ಯಾಯವಾದ ಮಾತು, ಕಟ್ಟಿ ಕಳಿಸಬೇಕು.

ಸ್ಪಷ್ಟವಾಗಿ ಹೇಳಿದ ಮೇಲೂ ಮತ್ತೆ ಕತ್ತರಿಸಿದರೆ? ಆಗ ಮಾತು ಸಾಲದು. ಕೆಲವು ಕಾಲ ಮಗುವನ್ನು ಅವರೊಬ್ಬರ ಜೊತೆಯಲ್ಲೇ ಬಿಡದೆ, ನೀವೂ ಇರುವಾಗ ಮಾತ್ರ ಭೇಟಿಯಾಗಲಿ. ಇದನ್ನು ಶಿಕ್ಷೆಯಂತೆ ಘೋಷಿಸದೆ ಕಾರಣ ಹೇಳಿಯೇ ಮಾಡಿ: "ಎರಡು ಸಲ ಹೀಗಾಯಿತು, ನಮಗೆ ಮತ್ತೆ ನಂಬಿಕೆ ಬರಲು ಸ್ವಲ್ಪ ದಿನ ಬೇಕು." ಮೊದಲ ಸಲಕ್ಕೇ ಭೇಟಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಏನೂ ತಪ್ಪು ಮಾಡದ ಮಗುವಿನಿಂದ ಅಜ್ಜಿಯನ್ನು ಕಿತ್ತುಕೊಂಡಂತಾಗುತ್ತದೆ ಅದು.

ಈಗಾಗಲೇ ಕತ್ತರಿಸಿಬಿಟ್ಟ ಅಜ್ಜ ಅಜ್ಜಿಯರಿಗೆ

ಇದನ್ನು ಓದುತ್ತಿರುವವರು ನೀವೇ ಆಗಿದ್ದರೆ, ಹೆತ್ತವರು ಮನೆಗೆ ಬರುವ ಮೊದಲೇ ಫೋನ್ ಮಾಡಿ ಹೇಳಿ. ಬಾಗಿಲಲ್ಲಿ ಕಣ್ಣಿಗೆ ಬಿದ್ದು ತಿಳಿಯುವುದಕ್ಕೂ ನಿಮ್ಮ ಬಾಯಿಂದಲೇ ತಿಳಿಯುವುದಕ್ಕೂ ಬಹಳ ಅಂತರವಿದೆ. "ಕೇಳದೆ ಕತ್ತರಿಸಿದೆ, ತಪ್ಪಾಯಿತು. ಕೂದಲು ಎತ್ತಿಟ್ಟಿದ್ದೇನೆ" ಎಂದರೆ ಸಾಕು. "ತಪ್ಪಾಯಿತು, ಆದರೆ..." ಎಂದು ಮುಂದುವರಿಸಬೇಡಿ, ಆ "ಆದರೆ" ಮೊದಲಿನ ಮಾತನ್ನು ಅಳಿಸಿಹಾಕುತ್ತದೆ. ಕಾರಣವನ್ನು ಅವರು ಕೇಳಿದಾಗ ಹೇಳಿ. ಕೂದಲು ನಿಜಕ್ಕೂ ತೊಂದರೆ ಕೊಡುತ್ತಿದ್ದರೆ ಅದನ್ನು ಮುಂದಿನ ವಾರ ನೀವಾಗಿಯೇ ಪ್ರಸ್ತಾಪಿಸಿ, ಆಗ ಅವರಿಗೂ ಕೇಳುವ ಮನಸ್ಸಿರುತ್ತದೆ.

ಮಗುವನ್ನೂ ಕೇಳಿ

ಮೂರು ವರ್ಷ ದಾಟಿದ ಮಗುವಿಗೆ ತನ್ನ ಕೂದಲಿನ ಬಗ್ಗೆ ಅಭಿಪ್ರಾಯವಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ ಅಷ್ಟೇ. ಅಜ್ಜಿ ಹೆತ್ತವರನ್ನು ಕೇಳಬೇಕು ಎನ್ನುವ ನಾವು, ಮಗುವನ್ನು ಕೇಳದೆ ಎತ್ತಿಕೊಂಡು ಹೋಗಿ ಸಲೂನಿನ ಕುರ್ಚಿಯಲ್ಲಿ ಕೂರಿಸುತ್ತೇವೆ. ಕತ್ತರಿಸಲೇಬೇಕಾದ ಸಂದರ್ಭ ಇದ್ದರೂ ಆಯ್ಕೆಗೆ ಜಾಗವಿರುತ್ತದೆ: ಇಷ್ಟು ಸಾಕಾ, ಇನ್ನೂ ಬೇಕಾ? ಇವತ್ತೋ, ನಾಳೆಯೋ? ನನ್ನ ತೊಡೆಯ ಮೇಲೆ ಕೂರುತ್ತೀಯಾ, ಕುರ್ಚಿಯ ಮೇಲಾ? ಗೊಂಬೆಯ ತಲೆಯ ಮೇಲೆ ಬಾಚಣಿಗೆಯಾಡಿಸಿ, ಬೆರಳುಗಳನ್ನೇ ಕತ್ತರಿ ಮಾಡಿ ತೋರಿಸಿದರೆ ಏನಾಗಲಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಮಗು ಬೇಡವೆಂದು ತಲೆ ಅಲ್ಲಾಡಿಸಿದರೆ, ಅವಸರವೇನೂ ಇಲ್ಲದಿದ್ದರೆ, ಆ ದಿನ ಬಿಟ್ಟುಬಿಡಿ.

ಇದನ್ನು ಅಜ್ಜಿಯ ಮುಂದೆಯೇ ಮಾಡಿ. ನೀವೂ ಕೇಳಿಯೇ ಕತ್ತರಿಸುತ್ತೀರಿ ಎಂಬುದು ಅವರ ಕಣ್ಣಿಗೆ ಬೀಳಲಿ. ಸಾಧ್ಯವಿದ್ದರೆ ಮುಂದಿನ ಸಲ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಕೆಲಸ ಅವರಿಗೇ ಕೊಡಿ, ಕತ್ತರಿ ನಿಮ್ಮ ಕೈಯಲ್ಲಿರಲಿ.